ಗುಡ್ಡದ ವಹಿಯಿಂದ ಹೆಕ್ಕಿದ ಬಯೋಡೇಟಾ

ಪುಣೆ, 14 ಜುಲೈ 2024, ರವಿವಾರ ರಾತ್ರಿ

ನಾಳೆ ಸಂಜೆಯೊಳಗೆ ಕಚೇರಿಗೆ ಒಂದು ಅರ್ಜಿ ತುಂಬಿ ಕಳುಹಿಸಬೇಕಾಗಿದೆ. ನಮ್ಮ ಕಂಪನಿಯನ್ನು ಇನ್ನೊಂದು ಕಂಪನಿ ಕೊಂಡುಕೊಂಡಿದ್ದು, ಹೊಸ ಯಜಮಾನರಿಗೆ ಪ್ರತಿಯೊಬ್ಬ ನೌಕರನ ಹಿಂದಿನ ಅನುಭವವು ತಿಂಗಳು, ವರ್ಷಗಳ ಸಮೇತ ಬೇಕಂತೆ. ಇಪ್ಪತ್ತೈದು ವರ್ಷ ವೆಬ್ ಡಿಸೈನ್ ಮಾಡಿದವನಿಗೆ ಇದು ಹತ್ತು ನಿಮಿಷದ ಕೆಲಸವಾಗಬೇಕಿತ್ತು. ಆದರೆ ನಾನು ದುಡಿದ ಐದು ಕಡೆಗಳ ಪೈಕಿ ಮೂರು ಈಗ ಇಲ್ಲ, ಅಲ್ಲಿ ಮಾಡಿದ ಪುಟಗಳೂ ಇಲ್ಲ. ಅನುಭವ ಪತ್ರಗಳಿದ್ದ ಪೆಟ್ಟಿಗೆಗೆ ಒಂದು ಮಳೆಗಾಲದಲ್ಲಿ ಅಟ್ಟದ ನೀರು ಸೋರಿ ಎಲ್ಲವೂ ಮುದ್ದೆಯಾಗಿ ಹೋಗಿದೆ. ಕೊನೆಗೆ ನೆರವಿಗೆ ಬಂದದ್ದು ಗುಡ್ಡದ ವಹಿಗಳು. ಏರಿದ ಗಡದ, ಅಂದರೆ ಗುಡ್ಡದ ಮೇಲಿನ ಕೋಟೆಯ, ಹೆಸರು, ತಾರೀಖು, ಹೊರಟ ಹೊತ್ತು, ಜೊತೆಗಿದ್ದವರು, ಮಳೆಯೋ ಬಿಸಿಲೋ ಎಂಬುದನ್ನು ಎರಡು ಸಾಲಿನಲ್ಲಿ ಬರೆದಿಡುವ ಅಭ್ಯಾಸ ನನಗೆ ಹುಡುಗುತನದಿಂದಲೂ ಇದೆ, ಅಂಥ ನಾಲ್ಕು ವಹಿಗಳು ಕಪಾಟಿನಲ್ಲಿ ಒಣಗಿಯೇ ಉಳಿದಿವೆ. ಮಧ್ಯಾಹ್ನದಿಂದ ಅವನ್ನು ಹರವಿಕೊಂಡು ಕುಳಿತವನನ್ನು ನೋಡಿ ನನ್ನಾಕೆ, “ಬಯೋಡೇಟಾ ಬರ್ಯಾಕತ್ತೀರೋ, ಗುಡ್ಡದ ಜಾತಕ ಬರ್ಯಾಕತ್ತೀರೋ?” ಎಂದು ಕೇಳಿ ಚಹಾ ಇಟ್ಟು ಹೋದಳು.

ಮೊದಲನೆಯ ವಹಿ ಧಾರವಾಡದ್ದು. ಸೈಕಲ್ ಮೇಲೆ ಕೆಲಗೇರಿ ಕೆರೆ, ನುಗ್ಗಿಕೇರಿ ಹನುಮಪ್ಪನ ಗುಡಿ, ಶಾಲ್ಮಲೆ ಹುಟ್ಟುವ ಸೋಮೇಶ್ವರ, ಇಷ್ಟೇ ಅದರ ಭೂಗೋಲ. ಅಕ್ಷರಕ್ಕಿಂತ ಚಿತ್ರಗಳೇ ಹೆಚ್ಚಾಗಿದ್ದು, ಬಾಲ್‌ಪೆನ್ನಿನಲ್ಲಿ ಬಿಡಿಸಿದ ಒಂದು ಮಿಂಚುಳ್ಳಿಯ ಕೊಕ್ಕು ಮಾತ್ರ ಈಗಲೂ ಒಪ್ಪುವಂತಿದೆ. ಆ ಚಿತ್ರಗಳ ಹುಚ್ಚೇ ನನ್ನನ್ನು ಕಲಾಶಾಲೆಗೆ ಕಳುಹಿಸಿತು, ಕಲಾಶಾಲೆ ಹುಬ್ಬಳ್ಳಿಯ ಸ್ಕ್ರೀನ್ ಪ್ರಿಂಟಿಂಗ್ ಅಂಗಡಿಗೆ ಕಳುಹಿಸಿತು. ಲಗ್ನಪತ್ರಿಕೆಗೆ ಗಣಪತಿಯನ್ನು ಎಷ್ಟು ಸಲ ಬಿಡಿಸಿದೆನೋ ಲೆಕ್ಕವಿಲ್ಲ. 1998ರ ಜೂನ್‌ನಲ್ಲಿ ಪುಣೆಯ ಎರಂಡವಣೆಯ ಮಾಮಾನ ಮನೆಗೆ ಬಂದು, ನಾರಾಯಣ ಪೇಠೆಯ ಕಂಪ್ಯೂಟರಿನಲ್ಲಿ ಅಚ್ಚಿನ ಪುಟ ಜೋಡಿಸುವ ಒಂದು ಡಿಟಿಪಿ ಅಂಗಡಿಯಲ್ಲಿ ಪೇಜ್‌ಮೇಕರ್ ಮುಂದೆ ಕುಳಿತೆ.

ವೆಬ್ ಕೆಲಸಕ್ಕೆ ಸೇರಿದ ತಿಂಗಳು ನನಗೆ ಖಂಡಿತ ನೆನಪಿರಲಿಲ್ಲ, ವಹಿಯಲ್ಲಿ ಇತ್ತು. “1999 ನವೆಂಬರ್ 13-14. ರಾಜಗಡ, ಗುಂಜವಣೆಯಿಂದ ಚೋರ ದರವಾಜೆ. ಪದ್ಮಾವತಿ ಗುಡಿಯಲ್ಲಿ ಮಲಗಿದೆವು. ವಿಪರೀತ ಥಂಡಿ. ಸೋಮವಾರ ಅಣ್ಣನನ್ನು ಕಾಣಬೇಕು.” ಅಣ್ಣನೆಂದರೆ ನನ್ನ ಅಣ್ಣನಲ್ಲ, ಆ ಗುಡಿಯಲ್ಲಿ ನನ್ನ ಪಕ್ಕ ಚಾದರ ಹೊದ್ದು ಮಲಗಿದ್ದ ಮರಾಠಿ ಹುಡುಗನ ಅಣ್ಣ. ಆತ ಆಗಷ್ಟೇ ಮೂರು ಕಂಪ್ಯೂಟರಿನ ವೆಬ್ ಕಂಪನಿ ತೆರೆದಿದ್ದ, ಚಿತ್ರ ಬಲ್ಲವನೊಬ್ಬ ಬೇಕಾಗಿದ್ದ. ಮುಂದಿನ ತಿಂಗಳ ಒಂದನೇ ತಾರೀಖಿಗೆ ಸೇರಿದೆ. ಅರ್ಜಿಯಲ್ಲಿ ‘ಈ ಉದ್ಯೋಗದ ಮಾಹಿತಿ ನಿಮಗೆ ಹೇಗೆ ದೊರೆಯಿತು’ ಎಂಬ ಕಾಲಂ ಇಲ್ಲದಿರುವುದು ನನ್ನ ಪುಣ್ಯ.

ಆ ಕಾಲದ ಕೆಲಸವನ್ನು ಈಗಿನ ಹುಡುಗರಿಗೆ ವಿವರಿಸಿದರೆ ನಂಬುವುದು ಕಷ್ಟ. ಪುಟದ ವಿನ್ಯಾಸವೆಲ್ಲ ಕೋಷ್ಟಕದೊಳಗೆ ಕೋಷ್ಟಕ, ಅದರೊಳಗೆ ಮತ್ತೊಂದು ಕೋಷ್ಟಕವಾಗಿರುತ್ತಿತ್ತು; ಎರಡು ಚಿತ್ರಗಳ ನಡುವೆ ಜಾಗ ಬೇಕಾದರೆ ಒಂದೇ ಪಿಕ್ಸೆಲ್‌ನ ಪಾರದರ್ಶಕ ಜಿಫ್ ಚಿತ್ರವನ್ನು ಎಳೆದು ಅಗಲ ಮಾಡಿ ಒಳಗೆ ತುರುಕುತ್ತಿದ್ದೆವು. ಎಲ್ಲ ಪರದೆಗಳಲ್ಲೂ ಒಂದೇ ಬಗೆಯಾಗಿ ಕಾಣುತ್ತವೆಂದು ಹೇಳಲಾಗುತ್ತಿದ್ದ 216 ಬಣ್ಣಗಳಲ್ಲೇ ಸಂಸಾರ ಸಾಗಬೇಕಿತ್ತು. ಡಯಲ್-ಅಪ್ ಫೋನಿನ ಕಿರುಚಾಟ ಮುಗಿದು ಪುಟ ಇಳಿಯುವುದಕ್ಕೆ ಹಿಡಿಯುವ ಹೊತ್ತನ್ನು ಕೈಗಡಿಯಾರ ನೋಡಿ ಎಣಿಸುತ್ತಿದ್ದುದರಿಂದ, ಒಂದು ಚಿತ್ರವನ್ನು 12 ಕೆಬಿಯಿಂದ 9 ಕೆಬಿಗೆ ಇಳಿಸಿದ ದಿನ ಅದೊಂದು ಪರಾಕ್ರಮವೆನಿಸುತ್ತಿತ್ತು. ಬೆನ್ನ ಮೇಲಿನ ಚೀಲದಲ್ಲಿ ಏನನ್ನು ಬಿಟ್ಟು ಹೊರಡಬೇಕೆಂದು ಶನಿವಾರ ರಾತ್ರಿ ಯೋಚಿಸುವವನಿಗೆ ಆ ಜಿಪುಣತನ ಹೊಸದಾಗಿರಲಿಲ್ಲ.

2001ರಲ್ಲಿ ಇಂಟರ್ನೆಟ್ ಕಂಪನಿಗಳ ಷೇರುಪೇಟೆಯ ಡಾಟ್‌ಕಾಂ ಗುಳ್ಳೆ ಒಡೆದ ಪೆಟ್ಟು ನಮ್ಮ ಮೂರು ಕಂಪ್ಯೂಟರುಗಳಿಗೂ ತಟ್ಟಿತು. ಆ ವರ್ಷದ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳ ಬಗ್ಗೆ ಆಮೇಲೆ ಬರೆಯುತ್ತೇನೆ.

ಮುಂದಿನ ಎಂಟೊಂಬತ್ತು ವರ್ಷ, ಪುಟದಲ್ಲಿ ಚಿತ್ರ-ಅಕ್ಷರಗಳನ್ನು ಕುಣಿಸುವ ಫ್ಲ್ಯಾಷ್ ಎಂಬ ತಂತ್ರಾಂಶವೇ ನನ್ನ ಅನ್ನವಾಗಿತ್ತು. ಪುಟ ತೆರೆಯುವ ಮುನ್ನ ಅರ್ಧ ನಿಮಿಷ ಅಕ್ಷರಗಳು ಹಾರಾಡಬೇಕು, ಮೂಲೆಯಲ್ಲಿ ಸಣ್ಣದಾಗಿ ‘ಸ್ಕಿಪ್ ಇಂಟ್ರೋ’ ಎಂದಿರಬೇಕು. ಗಿರಾಕಿಗಳು ಆ ಹಾರಾಟಕ್ಕೇ ಹಣ ಕೊಡುತ್ತಿದ್ದರು, ನೋಡುವವರು ಮೂಲೆಯ ಗುಂಡಿಯನ್ನೇ ಒತ್ತುತ್ತಿದ್ದರು. 2007ರಲ್ಲಿ ಬಂದ ಐಫೋನ್ ಫ್ಲ್ಯಾಷನ್ನು ಒಳಗೇ ಬಿಟ್ಟುಕೊಳ್ಳಲಿಲ್ಲ. 2010ರ ಏಪ್ರಿಲ್‌ನಲ್ಲಿ ಐಫೋನ್ ಮಾಡುವ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅದರ ದೋಷಗಳನ್ನು ಬಹಿರಂಗ ಪತ್ರದಲ್ಲೇ ಬರೆದರು. ಅದರ ಮರುತಿಂಗಳೇ ವೆಬ್ ಡಿಸೈನರ್ ಈಥನ್ ಮಾರ್ಕಾಟ್, ಪರದೆಯ ಅಗಲಕ್ಕೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಪುಟಗಳ ಕಲ್ಪನೆಗೆ ‘ರೆಸ್ಪಾನ್ಸಿವ್’ ಎಂಬ ಹೆಸರು ಕೊಟ್ಟರು. ನನ್ನ ವಹಿಯಲ್ಲಿ ಆ ವರ್ಷದ ಡಿಸೆಂಬರಿಗೆ ಹರಿಶ್ಚಂದ್ರಗಡವಿದೆ. ಖಿರೇಶ್ವರದಿಂದ ಏರಿ, ಕೊಂಕಣಕಡಾ ಎಂಬ ಪ್ರಪಾತದ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಕೆಳಗಿನ ಕೊಂಕಣವನ್ನು ನೋಡುತ್ತ, ಮೂವತ್ತೈದನೆಯ ವಯಸ್ಸಿನಲ್ಲಿ ಅಆಇಈಯಿಂದ ಕಲಿಯಬೇಕೇ ಎಂದು ಗೆಳೆಯನ ಮುಂದೆ ಗೊಣಗಿದ್ದೆ. “ಫ್ಲ್ಯಾಷ್ ಬಿಟ್ಟೆ” ಎಂಬ ಎರಡೇ ಶಬ್ದಗಳು ಅಲ್ಲಿವೆ. ಫ್ಲ್ಯಾಷಿನ ಒಡೆಯ ಕಂಪನಿ ಅಡೋಬಿ ಅದನ್ನು ಅಧಿಕೃತವಾಗಿ ಬಿಟ್ಟದ್ದು 2020ರ ಡಿಸೆಂಬರ್ 31ರಂದು, ಆ ಲೆಕ್ಕದಲ್ಲಿ ನಾನು ಹತ್ತು ವರ್ಷ ಮುಂದಿದ್ದೆ.

ಕನ್ನಡದ ಕೆಲಸ ಸಂಬಳದ್ದಲ್ಲವಾದ್ದರಿಂದ ಅರ್ಜಿಯಲ್ಲಿ ಅದಕ್ಕೆ ಜಾಗವಿಲ್ಲ, ಇಲ್ಲಿ ಬರೆಯುತ್ತೇನೆ. 2003ರಲ್ಲಿ ಇಲ್ಲಿನ ಕನ್ನಡಿಗರ ಒಂದು ಮಂಡಳಿಗೆ ಪುಟ ಮಾಡಿಕೊಟ್ಟಾಗ, ಓದುವವರ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದರೆ ಕನ್ನಡವೆಲ್ಲ ಕಸವಾಗಿ ಕಾಣುತ್ತಿದ್ದುದರಿಂದ ಗಣೇಶೋತ್ಸವದ ಆಮಂತ್ರಣವನ್ನು ಪೂರ್ತಿಯಾಗಿ ಚಿತ್ರವನ್ನಾಗಿಯೇ ಹಾಕಿದ್ದೆ. ಒಂದು ಕಾಗುಣಿತ ತಿದ್ದಬೇಕಾದರೂ ಚಿತ್ರವನ್ನೇ ಹೊಸದಾಗಿ ಮಾಡಬೇಕಿತ್ತು. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಅಕ್ಷರಸಂಕೇತವಾದ ಯುನಿಕೋಡ್ ಎಲ್ಲೆಡೆ ಬಂದ ಮೇಲೂ ತೊಂದರೆ ಮುಗಿಯಲಿಲ್ಲ. ಇಂಗ್ಲಿಷಿಗೆಂದು ಗೊತ್ತುಮಾಡಿದ ಸಾಲಿನ ಅಂತರದಲ್ಲಿ ಕನ್ನಡವನ್ನು ಕೂಡಿಸಿದರೆ ‘ರಾಷ್ಟ್ರ’ದ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಯನ್ನು ಮುಟ್ಟುತ್ತವೆ, ಗುಂಡಿಯ ಮೇಲೆ ಬರೆದರೆ ಬುಡ ಕತ್ತರಿಸಿಹೋಗುತ್ತದೆ. ಅಂತರವನ್ನು ಅಕ್ಷರದ ಗಾತ್ರದ ಒಂದೂಮುಕ್ಕಾಲು ಪಟ್ಟು ಇಡಬೇಕೆಂದು ನಾನು ಈಗಲೂ ಜಗಳವಾಡುತ್ತೇನೆ, ಪುಟ ಉದ್ದವಾಯಿತೆಂದು ಮಂಡಳಿಯವರು ಈಗಲೂ ದೂರುತ್ತಾರೆ.

ಮೂರನೆಯ ವಹಿಯಲ್ಲಿ ಎರಡು ಪುಟಗಳ ನಡುವೆ ಹದಿನೆಂಟು ತಿಂಗಳುಗಳಿಲ್ಲ. 2013ರ ಆಗಸ್ಟಿನಲ್ಲಿ ನನ್ನನ್ನು ಮ್ಯಾನೇಜರ್ ಮಾಡಿದರು. ಡಿಸೈನ್ ಮಾಡುವುದು ನಿಂತು, ಮಾಡುವವರ ಹಾಜರಿ ನೋಡುವುದು ಶುರುವಾಯಿತು. ಶನಿವಾರಗಳು ಅಮೆರಿಕದ ಗಿರಾಕಿಯ ಶುಕ್ರವಾರ ರಾತ್ರಿಗೆ ಅಡವಾದವು. ಕಿಟಕಿಯಿಂದ ಸಿಂಹಗಡದ ಟಿವಿ ಗೋಪುರ ಕಾಣುತ್ತಿತ್ತು, ಅಷ್ಟೇ. 2015ರ ಫೆಬ್ರವರಿಯಲ್ಲಿ ಕಡಿಮೆ ಸಂಬಳಕ್ಕೆ, ಕೈಯಾರೆ ಕೆಲಸ ಮಾಡುವ ಈಗಿನ ಹುದ್ದೆಗೆ ಬಂದೆ. ಗುಡ್ಡದ ಮೇಲಿನ ಪ್ರೀತಿಯಿಂದ ಬಿಟ್ಟೆನೆಂದು ಬಹಳ ದಿನ ಹೇಳಿಕೊಂಡು ತಿರುಗಿದೆ. ನಿಜ ಹೇಳಬೇಕೆಂದರೆ ಜನರಿಂದ ಕೆಲಸ ತೆಗೆಸುವುದು ನನಗೆ ಬರುತ್ತಿರಲಿಲ್ಲ, ಗುಡ್ಡ ಒಂದು ಮರ್ಯಾದೆಯ ನೆಪವಾಯಿತು. ಮಗಳ ಕಾಲೇಜಿನ ಫೀಸು ತುಂಬುವಾಗಲೆಲ್ಲ ಆ ನೆಪದ ಬೆಲೆ ನೆನಪಾಗುತ್ತದೆ. ಆದರೂ 2016ರ ಪುಟದಲ್ಲಿ ಬೊರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ ಹೂಬಿಟ್ಟ ಕಾರ್ವಿಯಿದೆ. ಏಳೆಂಟು ವರ್ಷಕ್ಕೊಮ್ಮೆ ಇಡೀ ಇಳಿಜಾರು ನೇರಳೆಯಾಗಿ, ಬೀಜ ಕಟ್ಟಿ ಒಣಗಿಹೋಗುವ ಗಿಡ ಅದು. ಮ್ಯಾನೇಜರ್ ಆಗಿಯೇ ಉಳಿದಿದ್ದರೆ ಅದನ್ನು ನೋಡುತ್ತಿರಲಿಲ್ಲ.

ಈಗಿನ ಕೆಲಸದಲ್ಲಿ ಗುಡ್ಡ ನೇರವಾಗಿಯೇ ಉಪಯೋಗಕ್ಕೆ ಬರುತ್ತದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಹೊಳಪಿನಲ್ಲಿ ಕನಿಷ್ಠ 4.5:1 ವ್ಯತ್ಯಾಸವಿರಬೇಕೆಂದು ವೆಬ್ ಮಾರ್ಗಸೂಚಿ ಹೇಳುತ್ತದೆಯಾದರೂ, ಎಸಿ ಕೋಣೆಯಲ್ಲಿ ಕುಳಿತವರಿಗೆ ತಿಳಿಬೂದು ಅಕ್ಷರಗಳೇ ಸೊಗಸು. ಹಾಗಾಗಿ ಹೊಸ ಪುಟ ಸಿದ್ಧವಾದಾಗ ಅದನ್ನು ಫೋನಿನಲ್ಲಿ ಹಾಕಿಕೊಂಡು ಆತಕರವಾಡಿಯ ಕಾಲುದಾರಿಯಿಂದ ಸಿಂಹಗಡ ಏರುತ್ತೇನೆ. ಎಪ್ರಿಲ್ ಬಿಸಿಲಿನಲ್ಲಿ, ಬೆವರಿದ ಒಂದೇ ಹೆಬ್ಬೆರಳಿನಿಂದ, ನೆಟ್‌ವರ್ಕ್ ಬಂದೂ ಬಾರದಂತಿರುವ ತಿರುವಿನಲ್ಲಿ ನಿಂತು ಅದನ್ನು ಬಳಸಲಾಗದಿದ್ದರೆ ಸೋಮವಾರ ತಿದ್ದುಪಡಿ ಖಚಿತ. ಪಿಠಲ-ಭಾಕರಿ (ಕಡಲೆಹಿಟ್ಟಿನ ಪಲ್ಯ, ರೊಟ್ಟಿ) ಮಾರುವ ಮಾವಶಿಯೊಬ್ಬರು ಒಮ್ಮೆ ನನ್ನ ಪಾವತಿಯ ಪುಟವನ್ನು ಕಣ್ಣು ಕಿರಿದು ಮಾಡಿ ನೋಡಿ, ಗುಂಡಿ ಎಲ್ಲಿದೆ ಎಂದು ಕೇಳಿದ್ದರು. ಆ ಗುಂಡಿಯ ಬಣ್ಣ ಮರುವಾರವೇ ಬದಲಾಯಿತು.

ನಾಲ್ಕನೆಯ ವಹಿಯ ಆರಂಭದಲ್ಲಿ, ಲಾಕ್‌ಡೌನ್ ಇದ್ದ 2020ರ ಏಪ್ರಿಲ್‌ನ ಎದುರು “ಟೆರೇಸು, 60 ಸುತ್ತು” ಎಂದು ಇಪ್ಪತ್ತಾರು ಸಲ ಬರೆದಿದೆ.

ಅರ್ಜಿ ಬಹುತೇಕ ತುಂಬಿದೆ. ಬಾಕಿ ಇದ್ದದ್ದು 2001ರ ಆ ಎರಡು ತಿಂಗಳು. ‘ಉದ್ಯೋಗದಲ್ಲಿ ಅಂತರವಿದ್ದಲ್ಲಿ ಕಾರಣ ತಿಳಿಸಿ’ ಎಂಬ ಕಡ್ಡಾಯ ಕಾಲಂ, ಅದೂ ತಿಳಿಬೂದು ಅಕ್ಷರದಲ್ಲಿ. ‘ಸ್ವಂತ ಅಧ್ಯಯನ’ ಎಂದು ಬರೆದೆ. ವಹಿಯಲ್ಲಿ ಆ ಎರಡು ತಿಂಗಳಿಗೆ ತೋರಣಾ, ಲೋಹಗಡ, ನಾಣೇಘಾಟ, ಕಳಸೂಬಾಯಿ ಸೇರಿ ಹನ್ನೊಂದು ನಮೂದುಗಳಿವೆ.