ಹರಿದು ಎಲ್ಲಿಗೆ ಹೋಗ್ತದೆ?

ಹೋದ ವಾರ ತಮ್ಮನ ಅತ್ತೆ ಬಂದಿದ್ದರು. ಗಂಗಾವಳಿ ನದಿ ಸಮುದ್ರ ಸೇರುವ ಜಾಗದ ಪಕ್ಕ, ಅಂಕೋಲಾದ ಮಂಜಗುಣಿ ಅವರ ಊರು. ಧಾರವಾಡಕ್ಕೆ ಯಾರೇ ಬಂದರೂ ನಾವು ಪೇಢಾ ಕೊಡಿಸಿ, ಸಾಧನಕೇರಿ ತೋರಿಸಿ ಕಳಿಸುತ್ತೇವೆ. ಅವರು ಕೇಳಿದ್ದೇ ಬೇರೆ. "ನಮ್ಮ ಹೊಳೆ ಹುಟ್ಟೋದು ನಿಮ್ಮೂರಲ್ಲೇ ಅಂತಲ್ಲ ತಮಾ, ಅದನ್ನ ತೋರ್ಸು."

ಸೋಮವಾರ ಬೆಳಿಗ್ಗೆ ಸೋಮೇಶ್ವರ ಗುಡಿಗೆ ಕರೆದುಕೊಂಡು ಹೋದೆ. ಶಾಲ್ಮಲಾ ಹುಟ್ಟುವುದು ಅಲ್ಲೇ. ಕಲಘಟಗಿ ಕಡೆ ಹರಿದು ಬೇಡ್ತಿಯಾಗುತ್ತದೆ. ಯಲ್ಲಾಪುರದ ಕಾಡಿನಲ್ಲಿ, ಮಾಗೋಡಿನ ಹತ್ತಿರ ಸುಮಾರು 200 ಮೀಟರ್ ಕೆಳಗೆ ಧುಮುಕಿ, ಘಟ್ಟ ಇಳಿದ ಮೇಲೆ ಗಂಗಾವಳಿ ಅನ್ನಿಸಿಕೊಳ್ಳುತ್ತದೆ. ಎಲ್ಲಾ ಸೇರಿ 150 ಕಿಲೋಮೀಟರಿನಷ್ಟು ದಾರಿ.

ಅತ್ತೆ ಬಹಳ ಹೊತ್ತು ಆ ನೀರನ್ನೇ ನೋಡಿದರು. "ಇಷ್ಟೇಯಾ?" ಅಂದರು. ಬೇಜಾರಿನಿಂದಲ್ಲ. ದೊಡ್ಡವರಾದ ಮಕ್ಕಳ ಹಳೇ ಅಂಗಿ ಕೈಗೆ ಸಿಕ್ಕಾಗ ತಾಯಂದಿರು ಹಾಗೆ ಅನ್ನುತ್ತಾರಲ್ಲ, ಆ ಧಾಟಿ. "ಅಲ್ಲಿ ತಾರಿ ದೋಣಿ ಇಲ್ದೆ ದಾಟೂಕೇ ಆಗ್ತಿರ್ಲಿಲ್ಲ." ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಳಚು ಅನ್ನುವ ಚಿಪ್ಪುಮೀನು ಹೆಕ್ಕುತ್ತಿದ್ದದ್ದನ್ನೂ ಹೇಳಿದರು.

ಆಮೇಲೆ ನೀರು ಹರಿಯುವ ಕಡೆ ಸ್ವಲ್ಪ ದೂರ ನಡೆದೆವು. ಹಾಲಿನ ಪ್ಯಾಕೆಟ್, ಥರ್ಮಾಕೋಲ್ ತಟ್ಟೆ. ಕಲ್ಲಿಗೆ ಒಂದು ಊದಿನಕಡ್ಡಿ ಕವರ್ ಅಂಟಿತ್ತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತೇಬಿಟ್ಟರು. ಕವರನ್ನು ಉಗುರಿನಿಂದ ಎಬ್ಬಿಸಿದರು, ನೀರು ಕೊಡವಿದರು, ಮಡಚಿ ಕೈಯಲ್ಲಿ ಹಿಡಿದರು. ನಮ್ಮ ತಮ್ಮ ಮೊಬೈಲ್ ನೋಡುತ್ತಾ ನಿಂತಿದ್ದ. ಒಳ್ಳೆಯವನೇ, ಆದರೆ ಅವನಿಗೆ ಇಂಥದ್ದು ಕಣ್ಣಿಗೇ ಬೀಳುವುದಿಲ್ಲ.

ಅಲ್ಲೇ ಬೈಕ್ ತೊಳೆಯುತ್ತಿದ್ದ ಒಬ್ಬ ಹುಡುಗ ಹೇಳಿದ: "ಬಿಡ್ರಿ ಅಮ್ಮಾರ, ಮಳಿ ಬಂದ್ರ ತಾನ ಹರಕೊಂಡ ಹೋಗತೈತಿ."

ಅತ್ತೆ ತಲೆ ಎತ್ತಿ ಕೇಳಿದರು, "ಹರಿದು ಎಲ್ಲಿಗೆ ಹೋಗ್ತದೆ ಗೊತ್ತಿತಾ?"

ಹುಡುಗ ಸುಮ್ಮನಾದ. ನಾನೂ ಸುಮ್ಮನಾದೆ.

ವಾರ ಕಳೆದರೂ ಆ ಮಾತು ಬಿಡುತ್ತಿಲ್ಲ. ಐವತ್ತು ವರ್ಷ ಇದೇ ಊರಲ್ಲಿ ಇದ್ದೇನೆ. ನಮ್ಮೂರು ಇರುವುದೇ ದಿಬ್ಬದ ಮೇಲೆ. ಪಶ್ಚಿಮಕ್ಕೆ ಹರಿದ ಮಳೆನೀರು ಶಾಲ್ಮಲೆಯಾಗಿ ಅರಬ್ಬಿ ಸಮುದ್ರಕ್ಕೆ. ಪೂರ್ವಕ್ಕೆ ಹೋದದ್ದು ತುಪ್ಪರಿಹಳ್ಳ, ಬೆಣ್ಣಿಹಳ್ಳ ಹಿಡಿದು ಮಲಪ್ರಭೆಗೆ, ಕೃಷ್ಣೆಗೆ, ಕಡೆಗೆ ಬಂಗಾಳ ಕೊಲ್ಲಿಗೆ. ದೊಡ್ಡ ಹೊಳೆ ಇಲ್ಲದ್ದಕ್ಕೇ ಇಲ್ಲಿನ ಹಿರಿಯರು ಕೆರೆ ಕಟ್ಟಿದರು. ಸಂಜೆ ಅಡ್ಡಾಡಲು ನಾವು ಇವತ್ತಿಗೂ ಹೋಗುವುದು ಉಣಕಲ್ ಕೆರೆ, ಕೆಲಗೇರಿ ಕೆರೆ ದಂಡೆಗೆ. ಹುಬ್ಬಳ್ಳಿ ಬೆಳೆದದ್ದು ಹತ್ತಿಯಿಂದ, ರೈಲಿನಿಂದ. ಕುಡಿಯುವ ನೀರಿಗೆ ಸವದತ್ತಿಯ ಮಲಪ್ರಭೆ ಬೇಕು. ಎಂಟು ದಿನಕ್ಕೊಮ್ಮೆ ನಳ ಬರುತ್ತಿದ್ದ ಕಾಲದಲ್ಲಿ ರಾತ್ರಿ ಎರಡಕ್ಕೆ ಎದ್ದು ಬ್ಯಾರಲ್ ತುಂಬಿಸಿದವರು ನಾವು. ಬರುವ ನೀರಿಗೆ ಕೊಡ ಕೊಡಕ್ಕೂ ಲೆಕ್ಕ ಇಟ್ಟೆವು. ಇಲ್ಲಿಂದ ಹೋಗುವ ನೀರಿನ ಬಗ್ಗೆ ಮಾತ್ರ ಯಾರೂ ಕೇಳಲಿಲ್ಲ. ಹೊಳೆಯ ಬುಡದಲ್ಲಿ ಇರುವವರಿಗೆ ಹೊಳೆಯ ಜವಾಬ್ದಾರಿ ಜಾಸ್ತಿ ಇರಬೇಕಿತ್ತು, ಅಲ್ವಾ? ನಮಗೆ ಅದು ಬರೀ ಹಳ್ಳ. ಮಂಜಗುಣಿಯವರಿಗೆ ಅದೇ ದಾರಿ, ಅದೇ ಊಟ.

ಆ ಹುಡುಗನ ಮೇಲೆ ಸಿಟ್ಟಿಲ್ಲ. ಅವನು ಹೇಳಿದ್ದು ನಮ್ಮೆಲ್ಲರ ಮಾತೇ. ಬೈಕ್ ಬಿಟ್ಟು ಬಂದು ಎರಡು ತಟ್ಟೆ ಅವನೂ ಎತ್ತಿಕೊಟ್ಟ.

ಗುರುವಾರ ಅತ್ತೆ ಊರಿಗೆ ಹೋದರು. ನಿನ್ನೆ ಸಂಜೆ ಫೋನ್ ಮಾಡಿದ್ದರು. ಸುಖವಾಗಿ ಮುಟ್ಟಿದ್ದು, ಮೀನಿನ ರೇಟು, ಎಲ್ಲಾ ಆಯಿತು. ಇಡುವ ಮುಂಚೆ ಕೇಳಿದರು:

"ಹೊಳೆ ಕೆಂಪಾಗ್ಯದೆ ತಮಾ. ನಿಮ್ಮಲ್ಲಿ ಮಳೆ ಜೋರಾ?"

ಕಿಟಕಿ ತೆಗೆದು ನೋಡಿದೆ. ಹೌದು, ಜೋರಾಗಿಯೇ ಹೊಡೆಯುತ್ತಿತ್ತು.