ವಿಲ್ಮಿಂಗ್ಟನ್ನಿನ ಯುದ್ಧನೌಕೆಯ ಒಡಲಲ್ಲಿ

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಕೇರಿ ಪಟ್ಟಣದ ಮಗಳ ಮನೆಯಲ್ಲಿ ಕಳೆದ ಮೂರು ವಾರಗಳ ಬಗ್ಗೆ ಬರೆಯುವಂಥದ್ದು ಹೆಚ್ಚಿಲ್ಲ. ಅಲ್ಲಿಂದ ಸುಮಾರು ಎರಡು ತಾಸು ಕಾರಿನಲ್ಲಿ ಹೋಗಿ, 1961ರಿಂದ ವಿಲ್ಮಿಂಗ್ಟನ್ನಿನ ಕೇಪ್ ಫಿಯರ್ ನದಿಯಲ್ಲಿ ಸ್ಮಾರಕವಾಗಿ ನಿಂತಿರುವ ಎರಡನೇ ಮಹಾಯುದ್ಧದ ‘ನಾರ್ತ್ ಕೆರೊಲಿನಾ’ ಯುದ್ಧನೌಕೆಯನ್ನು ಹತ್ತಿದ ಒಂದು ದಿನ ಮಾತ್ರ ಮನಸ್ಸಿನಲ್ಲಿ ಉಳಿದಿದೆ.

ಉಳಿದವರೆಲ್ಲ ಫಿರಂಗಿಗಳ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರೆ, ನಾನು ಉಕ್ಕಿನ ದಪ್ಪವನ್ನು ನೋಡುತ್ತ ನಿಂತೆ. ಫಿರಂಗಿ ಗೋಪುರದ ಮುಂಭಾಗದ ಉಕ್ಕು 16 ಅಂಗುಲ, ಅಂದರೆ ಒಂದು ಮೊಳಕ್ಕೆ ಎರಡೇ ಅಂಗುಲ ಕಡಿಮೆ. ಹಡಗಿನ ಪಕ್ಕದ ಕವಚ 12 ಅಂಗುಲವಿದ್ದು, ಬರುವ ಗುಂಡು ಓರೆಯಾಗಿ ತಗುಲಿ ಹೆಚ್ಚು ಉಕ್ಕನ್ನು ಕೊರೆಯಬೇಕಾಗಲಿ ಎಂದು ಅದನ್ನು 15 ಡಿಗ್ರಿ ಬಾಗಿಸಿ ಕೂರಿಸಿದ್ದಾರೆ. ಮೇಲಿನಿಂದ ಬೀಳುವ ಬಾಂಬಿಗೆ ಮೂರು ಅಂತಸ್ತಿನ ತಡೆಯಿದೆ: ಮೇಲಿನ ಅಟ್ಟ (ಡೆಕ್) ಬಾಂಬನ್ನು ಸಿಡಿಸುವ ಫ್ಯೂಸನ್ನು ಕೆರಳಿಸುತ್ತದೆ, ಅದರ ಕೆಳಗಿನ ದಪ್ಪ ಅಟ್ಟ ಹೊಡೆತವನ್ನು ತಡೆಯುತ್ತದೆ, ಆ ಅಟ್ಟದ ಅಡಿಯಿಂದಲೇ ಸಿಡಿದು ಬರುವ ಉಕ್ಕಿನ ಚೂರುಗಳನ್ನು ಇನ್ನೂ ಕೆಳಗಿನ ತೆಳು ಅಟ್ಟ ಹಿಡಿಯುತ್ತದೆ. ತೂರಿಹೋಗದ ಹೊಡೆತವೂ ಒಳಬದಿಯ ಉಕ್ಕನ್ನೇ ಚೂರಾಗಿಸಿ ಮನುಷ್ಯರ ಮೇಲೆ ಎರಚಬಲ್ಲದು ಎಂಬುದು ನನಗೆ ಗೊತ್ತಿರಲಿಲ್ಲ.

ಕೆಳಗಿಳಿಯುವವರು ಗಟ್ಟಿ ಶೂ ಹಾಕಿಕೊಂಡೇ ಹೋಗಬೇಕು. ಏಣಿಗಳು ಕಡಿದಾಗಿವೆ, ಬಾಗಿಲುಗಳ ಹೊಸ್ತಿಲು ಎತ್ತರವಾಗಿದೆ. ಚಪ್ಪಲಿಯಲ್ಲಿ ಹೋದ ನನ್ನ ಮೊಣಕಾಲ ಕೆಳಗಿನ ಗಾಯ ಮಾಯಲು ಹತ್ತು ದಿನ ಹಿಡಿಯಿತು.

ಗಾಯ ಒರೆಸಿಕೊಳ್ಳುತ್ತಿದ್ದಾಗ ಮಾತಿಗೆ ಸಿಕ್ಕವರು ಒಬ್ಬ ವೃದ್ಧ ಸ್ವಯಂಸೇವಕರು. ನೀರಿನ ಕೆಳಗೂ ಇಷ್ಟೇ ದಪ್ಪದ ಉಕ್ಕನ್ನು ಏಕೆ ಹಾಕಲಿಲ್ಲ ಎಂದು ಕೇಳಿದೆ. ನೀರೊಳಗಿನ ಸ್ಫೋಟಕ್ಕೆ ಎದೆಯೊಡ್ಡಬಾರದು, ಜಾಗ ಬಿಟ್ಟು ದಣಿಸಬೇಕು ಎಂದ ಅವರು ನೀರಿನಡಿಯ ಒಡಲ ಪಕ್ಕದಲ್ಲಿರುವ ಐದು ಉದ್ದನೆಯ ಕೋಣೆಗಳನ್ನು ಕಾಗದದ ಮೇಲೆ ಗೀಚಿದರು. ಹೊರಗಿನ ಖಾಲಿ ಕೋಣೆಗಳಲ್ಲಿ ಸ್ಫೋಟದ ಅನಿಲ ಹಿಗ್ಗಿ ಬಲ ಕಳೆದುಕೊಳ್ಳುತ್ತದೆ. ನಡುವೆ ದ್ರವ ತುಂಬಿದ ಕೋಣೆಗಳು ಹಾರಿಬರುವ ಚೂರುಗಳ ವೇಗವನ್ನು ಹೀರಿ, ಒತ್ತಡವನ್ನು ಅಗಲಕ್ಕೆ ಹಂಚುತ್ತವೆ. ಒಳಗಿನ ಖಾಲಿ ಕೋಣೆ ಸೋರಿಬಂದ ನೀರನ್ನು ಹಿಡಿದುಕೊಳ್ಳುತ್ತದೆ. ನಡುವಿನ ಗೋಡೆಗಳು ಹರಿಯದೆ ಬಾಗಬೇಕಾದ್ದರಿಂದ ಅವುಗಳನ್ನು ತೀರ ದಪ್ಪ ಮಾಡುವುದಿಲ್ಲ.

ಈ ಏರ್ಪಾಡನ್ನು ರೂಪಿಸಿದ್ದು 700 ಪೌಂಡ್, ಅಂದರೆ ಸುಮಾರು 318 ಕಿಲೋ ಟಿಎನ್‌ಟಿ ಸ್ಫೋಟಕವನ್ನು ತಾಳುವ ಲೆಕ್ಕಕ್ಕೆ. 1942ರ ಸೆಪ್ಟೆಂಬರ್ 15ರಂದು ಜಪಾನಿನ ಐ-19 ಜಲಾಂತರ್ಗಾಮಿಯಿಂದ ನೀರೊಳಗೆ ಸಾಗಿ ಬಂದ ಟಾರ್ಪಿಡೊದ ಸಿಡಿತಲೆ ಸುಮಾರು 400 ಕಿಲೋದ್ದು. ಅದು ಬಡಿದದ್ದು ಎಡಬದಿಯಲ್ಲಿ, ಮೊದಲ ಗೋಪುರದ ಪಕ್ಕ, ನೀರಿನ ಮಟ್ಟದಿಂದ 20 ಅಡಿ ಕೆಳಗೆ. ಒಡಲು ಕಿರಿದಾಗುತ್ತ ಹೋಗಿ ಆ ಕೋಣೆಗಳ ಅಗಲವೂ ಕುಗ್ಗುವ ಜಾಗವದು. 32 ಅಡಿಗೆ 18 ಅಡಿಯ ತೂತು ಬಿತ್ತು. ಫಿರಂಗಿಯ ಸಿಡಿಮದ್ದಿಗೆ ಬೆಂಕಿ ತಗುಲದಂತೆ ಮುಂಭಾಗದ ಮದ್ದಿನ ಕೋಣೆಗಳಿಗೆ ನೀರು ನುಗ್ಗಿಸಿದರು. ಎಡಕ್ಕೆ ಐದೂವರೆ ಡಿಗ್ರಿ ವಾಲಿದ ಹಡಗನ್ನು, ಎದುರು ಬದಿಗೆ ನೀರು ತುಂಬಿ ಸುಮಾರು ಆರು ನಿಮಿಷಗಳಲ್ಲಿ ನೆಟ್ಟಗೆ ಮಾಡಿದರು. ಹಡಗು ಉಳಿದು, ಮುಂದೆ ಪರ್ಲ್ ಹಾರ್ಬರಿನಲ್ಲಿ ದುರಸ್ತಿಯಾಯಿತು. ಐವರು ನಾವಿಕರು ತೀರಿಕೊಂಡರು.

ಆ ಐವರ ಮಾತು ಬಂದಾಗ ಸ್ವಯಂಸೇವಕರು ಪೆನ್ನನ್ನು ಕೆಳಗಿಟ್ಟರು. ಮುಚ್ಚುವ ಹೊತ್ತಿಗೆ ಇನ್ನೂ ಅರ್ಧ ತಾಸಿತ್ತು. ಮಗಳನ್ನು ಮೇಲೆ ಕಾಯಲು ಹೇಳಿ, ಕುಂಟುತ್ತಲೇ ಮೊದಲ ಗೋಪುರದ ಕಡೆಗೆ ಮತ್ತೊಮ್ಮೆ ಇಳಿದೆ.