ಜಾತ್ರೆಗೆ ಬಂದ ನೆಂಟರ ಬ್ಯಾಗು

ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಬಂತೆಂದರೆ ಯಾರ ಮನೆಯಲ್ಲಿ ಯಾರು ಮಲಗಿದ್ದಾರೆ ಅಂತ ಮನೆಯವರಿಗೇ ಗೊತ್ತಿರುವುದಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ. ಜಗಳೂರು, ಹರಪನಹಳ್ಳಿ, ಚಳ್ಳಕೆರೆ ಕಡೆಯ ನೆಂಟರೆಲ್ಲ ಬಾಡೂಟಕ್ಕೆ ಬರುತ್ತಾರೆ. ಒಂದು ಮನೆಯಲ್ಲಿ ಜಾಗ ಸಾಲದಿದ್ದರೆ ಪಕ್ಕದ ಮನೆಯಲ್ಲಿ ಚಾಪೆ.

ಹಾಗೆ ಒಂದು ಜಾತ್ರೆಯಲ್ಲಿ ನಮ್ಮ ದೊಡ್ಡಮ್ಮ ಪಕ್ಕದ ಮನೆಯ ಹಾಲ್‌ನಲ್ಲಿ ಮಲಗಿದ್ದರು. ರಾತ್ರಿ ಪೊಲೀಸರು ಬಂದರು. ಆ ಮನೆಯ ಮಗನ ಮೇಲೆ ಬೆಟ್ಟಿಂಗ್ ಅನುಮಾನ. ಅವನ ರೂಮು, ಬೀರು ನೋಡಿದರು, ಸರಿ. ಆಮೇಲೆ ಮಲಗಿದ್ದ ನೆಂಟರನ್ನೆಲ್ಲ ಎಬ್ಬಿಸಿ ಬ್ಯಾಗು ಸುರಿದರು. ದೊಡ್ಡಮ್ಮನ ಒಳಬಟ್ಟೆ, ಶುಗರ್ ಮಾತ್ರೆ, ಸೆರಗಿನ ಚೂರಲ್ಲಿ ಕಟ್ಟಿಟ್ಟ ದುಡ್ಡು ಎಲ್ಲ ಗಂಡಸರ ಮುಂದೆ ನೆಲಕ್ಕೆ ಬಿತ್ತು. ಅವತ್ತಿನಿಂದ ಅವರು ಯಾರ ಮನೆಯಲ್ಲೂ ರಾತ್ರಿ ಉಳಿಯುವುದಿಲ್ಲ. ಕೊನೆಯ ಬಸ್ಸಿಗೆ ಊರು ಸೇರುತ್ತಾರೆ. ನನಗೆ ಇದು ಇವತ್ತಿಗೂ ಸಂಕಟ.

ನಾನು ಕೋರ್ಟ್ ಹತ್ತಿರ ಟೈಪಿಂಗ್ ಕೆಲಸ ಮಾಡುವವಳು. ಪಂಚನಾಮೆಯ ನಕಲುಗಳು ಕೈಗೆ ಬರುತ್ತಲೇ ಇರುತ್ತವೆ. ಆ ಮನೆಯವರ ನಕಲನ್ನೂ ಓದಿದೆ. ಏನೇನು ಜಪ್ತಿ ಆಯಿತು ಅಂತ ಇತ್ತು. ದೊಡ್ಡಮ್ಮನ ಹೆಸರು ಎಲ್ಲೂ ಇರಲಿಲ್ಲ. ಅವರ ಬ್ಯಾಗಲ್ಲಿ ಏನೂ ಸಿಗಲಿಲ್ಲ ಅಲ್ವಾ, ಹಾಗಾಗಿ ಕಾಗದದ ಪ್ರಕಾರ ಅವರ ಬ್ಯಾಗನ್ನು ಯಾರೂ ಮುಟ್ಟಿಯೇ ಇಲ್ಲ.

ಪೊಲೀಸರು ಹೇಗೆ ಶೋಧಿಸಬೇಕು, ಹೇಗೆ ಬಂಧಿಸಬೇಕು ಅಂತ ಹೇಳುವ ಕಾನೂನಾಗಿ ಆಗ ಹಳೆಯ ಸಿ.ಆರ್.ಪಿ.ಸಿ. ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ. ಅದರ 103ನೇ ಕಲಂ ಪ್ರಕಾರ ಶೋಧಕ್ಕೆ ಆ ಜಾಗದ ಇಬ್ಬರಾದರೂ ಪಂಚರು, ಅಂದರೆ ಸಾಕ್ಷಿಗಳು, ಬೇಕು. ಮನೆಯಲ್ಲಿರುವ ಯಾರದೇ ಮೈ ಶೋಧಿಸಬೇಕಾದರೆ, ಹುಡುಕುತ್ತಿರುವ ವಸ್ತುವನ್ನು ಆ ವ್ಯಕ್ತಿ ಮೈಮೇಲೆ ಬಚ್ಚಿಟ್ಟಿದ್ದಾನೆ ಅನ್ನಲು ಸರಿಯಾದ ಅನುಮಾನ ಇರಬೇಕು. ಸುಮ್ನೆ ಅಲ್ಲಿ ಮಲಗಿದ್ದ ಅನ್ನುವುದು ಸಾಲದು. ಹೆಂಗಸಾದರೆ ಹೆಂಗಸೇ ಶೋಧಿಸಬೇಕು. 105ನೇ ಕಲಂ ಪ್ರಕಾರ ಇಡೀ ಶೋಧವನ್ನು ವಿಡಿಯೋ ಮಾಡಬೇಕು. ಇನ್ನು ನೆಂಟರ ಫೋನು. 2021ರ ವೀರೇಂದ್ರ ಖನ್ನಾ ಪ್ರಕರಣದಲ್ಲಿ ನಮ್ಮ ಹೈಕೋರ್ಟ್ ಹೇಳಿದ ಪ್ರಕಾರ, ಫೋನಿನ ಒಳಗೆ ನೋಡಲು ಸಾಮಾನ್ಯವಾಗಿ ಸರ್ಚ್ ವಾರಂಟ್ ಬೇಕು.

ಆದರೆ ನೆಂಟರ ಬ್ಯಾಗಿನ ಬಗ್ಗೆ ಈ ಕಲಮುಗಳಲ್ಲಿ ಬೇರೆ ನಿಯಮ ಇಲ್ಲ. ಅಮೆರಿಕದಲ್ಲಿ ಇಂಥದ್ದೇ ಪ್ರಶ್ನೆ 1990ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮಿನ್ನೆಸೋಟಾದಲ್ಲಿ ಓಲ್ಸನ್ ಎಂಬುವನು ದರೋಡೆ ಪ್ರಕರಣದ ಆರೋಪಿ. ಪರಿಚಯದವರ ಮನೆಯಲ್ಲಿ ರಾತ್ರಿ ತಂಗಿದ್ದ. ಪೊಲೀಸರು ವಾರಂಟ್ ಇಲ್ಲದೆ ನುಗ್ಗಿ ಹಿಡಿದರು. ರಾತ್ರಿ ತಂಗಿದ ಅತಿಥಿಗೂ ಆ ಮನೆಯಲ್ಲಿ ಖಾಸಗಿತನದ ಹಕ್ಕಿದೆ ಎಂದು ಕೋರ್ಟ್ ಹೇಳಿತು. ನಿದ್ದೆ ಮಾಡುವಾಗ ಮನುಷ್ಯ ತನ್ನನ್ನು ತಾನು ಕಾಯ್ದುಕೊಳ್ಳಲಾರ, ಅದಕ್ಕೇ ನಂಬಿಕೆಯ ಜಾಗ ಹುಡುಕುತ್ತಾನೆ ಅನ್ನುವುದು ಅದರ ತರ್ಕ. ಎಂಥ ನಿಜ! ಆದರೆ 1998ರ ಕಾರ್ಟರ್ ಪ್ರಕರಣದಲ್ಲಿ, ಮಾದಕ ವಸ್ತು ಪೊಟ್ಟಣ ಕಟ್ಟಲು ಕೆಲ ಗಂಟೆ ಮಾತ್ರ ಬಂದಿದ್ದವರಿಗೆ ಆ ರಕ್ಷಣೆ ಸಿಗಲಿಲ್ಲ.

ಅಲ್ಲಿ ಓಲ್ಸನ್ ಬಂಧನದ ನಂತರ ಕೊಟ್ಟ ಹೇಳಿಕೆಯೇ ಸಾಕ್ಷಿಯಿಂದ ಬಿದ್ದುಹೋಯಿತು. ನಮ್ಮಲ್ಲಿ ಸುಪ್ರೀಂ ಕೋರ್ಟಿನ ಪೂರಣ್ ಮಲ್ ತೀರ್ಪಿನಿಂದೀಚೆಗೆ, ಶೋಧದಲ್ಲಿ ನಿಯಮ ತಪ್ಪಿದರೂ ಸಿಕ್ಕ ವಸ್ತು ಸಾಕ್ಷಿಯಾಗಿ ನಿಲ್ಲಬಹುದು. ಹಾಗಾಗಿ ಪೊಲೀಸರಿಗೆ ಅಂಜಿಕೆ ಕಡಿಮೆ.

ಹಾಗಂತ ನಮ್ಮ ಕೈ ಖಾಲಿ ಇಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ತೀರ್ಪು ಬಂದದ್ದೇ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರ ಅರ್ಜಿಯಿಂದ. ಅದಕ್ಕೂ ಮುಂಚೆ ಕೆನರಾ ಬ್ಯಾಂಕ್ ಪ್ರಕರಣದಲ್ಲಿ, ಈ ಹಕ್ಕು ಇರುವುದು ಮನುಷ್ಯರಿಗೆ, ಜಾಗಕ್ಕಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಮನೆ ಯಾರದಾದರೇನು, ಬ್ಯಾಗು ದೊಡ್ಡಮ್ಮನದು.

ನಾನು ಕೇಳುವುದು ಜಾಸ್ತಿ ಏನಲ್ಲ. ಬ್ಯಾಗು ತೆರೆಯುವ ಮುಂಚೆ ಇದು ಯಾರದು ಅಂತ ಕೇಳಲಿ. ಹೆಂಗಸರ ಬ್ಯಾಗನ್ನು ಮಹಿಳಾ ಪೊಲೀಸರೇ ನೋಡಲಿ. ಏನೂ ಸಿಗದಿದ್ದರೂ ಪಂಚನಾಮೆಯಲ್ಲಿ ಬರೆಯಲಿ: ಇಂಥವರ ಬ್ಯಾಗು ತೆರೆದೆವು, ಈ ಕಾರಣಕ್ಕೆ ತೆರೆದೆವು, ಏನೂ ಸಿಗಲಿಲ್ಲ. ಆ ಸಾಲು ಇದ್ದರೆ ನಾಳೆ ದೂರು ಕೊಡಲು ಒಂದು ಕಾಗದವಾದರೂ ಕೈಯಲ್ಲಿರುತ್ತದೆ.